ರಾಜಮಾತೆಗೆ ಹುಣಸೆಹಣ್ಣಿನ ಸ್ನಾನ

ಬೆಳ್ಳಿ ಬಣ್ಣದ ಕಾಗದ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಾಕೊಲೇಟಿನದೋ, ಚ್ಯೂಯಿಂಗ್ ಗಮ್ಮಿನದೋ, ಯಾವುದಾದರೂ ಸರಿ. ಉಗುರಿನಿಂದ ಸುಕ್ಕು ತೀಡಿ, ಜೇಬಿನಲ್ಲಿದ್ದ ನಾಣ್ಯದ ಮೇಲೆ ಹೊದಿಸಿ, ಹೆಬ್ಬೆರಳಿನಿಂದ ಉಜ್ಜಿದರೆ ಒಂದು ಬೆಳ್ಳಿ ನಾಣ್ಯ ತಯಾರು. ಡಚ್ಚರ ನಾಡಿನ ಐಂಡ್‌ಹೋವನ್‌ನ ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಎಲ್ಲರೂ ಗಂಭೀರವಾಗಿ ಕಂಪ್ಯೂಟರ್ ಚಿಪ್‌ಗಳ ಬಗ್ಗೆ ಚರ್ಚೆ ಮಾಡುತ್ತಿರುವಾಗ ನಾನು ಮೇಜಿನ ಕೆಳಗೆ ಟಂಕಸಾಲೆ ನಡೆಸುತ್ತಿರುತ್ತೇನೆ. ಡಿಸೆಂಬರ್ ಬಂದರಂತೂ ಕೇಳಲೇಬೇಡಿ. ಇಲ್ಲಿನ ಅಂಗಡಿಗಳ ತುಂಬ ಮಿರುಗುವ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯಗಳು. ಮಗಳು ಝೋಯಾ ಚಾಕೊಲೇಟ್ ತಿನ್ನುತ್ತಾಳೆ, ಐವತ್ತು ದಾಟಿದ ನಾನು ಪಕ್ಕದಲ್ಲಿ ಕಾಗದಕ್ಕೆ ಕಾಯುತ್ತಾ ಕೂರುತ್ತೇನೆ.

"ಅಬ್ಬಾ, ಪ್ಲೀಸ್, ನನ್ನ ಫ್ರೆಂಡ್ಸ್ ಮುಂದೆ ಇದನ್ನ ಮಾಡ್ಬೇಡಿ," ಎಂದು ಅವಳು ಅರ್ಧ ಇಂಗ್ಲಿಷ್, ಅರ್ಧ ಡಚ್ಚಿನಲ್ಲಿ ಬೇಡಿಕೊಳ್ಳುತ್ತಾಳೆ. ಹದಿನಾಲ್ಕು ವರ್ಷದ ಹುಡುಗಿ. ಅವಳ ಅಪ್ಪ ಒಂದು ಕಾಲದಲ್ಲಿ ಇದೇ ಬೇಗಡೆಯಿಂದ ರಾಜ್ಯ ಆಳಿದ್ದ ಎಂದು ಅವಳಿಗೆ ಹೇಗೆ ಅರ್ಥವಾಗಬೇಕು?

ಆಳಿದ್ದು ಅರಸೀಕೆರೆಯ ಒಂದು ಸರ್ಕಾರಿ ಶಾಲೆಯ ಐದನೇ ಕ್ಲಾಸನ್ನು. ಕಾನೂನುಬದ್ಧವಾಗಿ ಅಲ್ಲ. ನಮ್ಮ ಕ್ಲಾಸಿನ ನಿಜವಾದ ಮಾನಿಟರ್ ಚಂದ್ರು. ಅವನಿಗೆ ಮಂಗನಬಾವು ಬಂದು ಎರಡು ಕೆನ್ನೆಯೂ ಊದಿಕೊಂಡು ಹದಿನೈದು ದಿನ ಮನೆಯಲ್ಲಿ ಮಲಗಿದ. ಸಿಂಹಾಸನ ಖಾಲಿ. ನಾನು ಎದ್ದುನಿಂತು, ಇನ್ನು ಮುಂದೆ ಮಾನಿಟರ್ ನಾನೇ ಎಂದು ಘೋಷಿಸಿದೆ. ನಿನ್ನನ್ನು ಮಾನಿಟರ್ ಯಾರು ಮಾಡಿದ್ದು ಎಂದು ಹುಡುಗರು ಕೇಳುವುದು ನ್ಯಾಯವೇ. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು.

"ಮೇಷ್ಟ್ರೇ ನಮ್ಮ ಅಮ್ಮಿಗೆ ಹೇಳಿದಾರೆ."

ನಮ್ಮ ಅಮ್ಮಿ ಹೊಲಿಗೆ ಹೊಲಿಯುತ್ತಿದ್ದರು. ಮೇಷ್ಟರ ಹೆಂಡತಿಯ ರವಿಕೆಗಳೆಲ್ಲ ನಮ್ಮ ಮನೆಯ ಮಷೀನಿನಿಂದಲೇ ಹೋಗುತ್ತಿದ್ದವು. ಆದ್ದರಿಂದ ಮೇಷ್ಟರು ಅಮ್ಮಿಗೆ ಏನಾದರೂ ಹೇಳಿರಬಹುದು ಎಂಬುದನ್ನು ಯಾರೂ ಅನುಮಾನಿಸಲಿಲ್ಲ. ಅಧಿಕಾರ ಸಿಕ್ಕ ಮೇಲೆ ನಾಣ್ಯ ಬೇಡವೇ? ರೈಲ್ವೆ ಸ್ಟೇಷನ್ ಎದುರಿನ ಟೀ ಅಂಗಡಿಯ ಮುಂದೆ ಸಿಗರೇಟು ಪ್ಯಾಕಿನ ಬೇಗಡೆ ಬಿದ್ದಿರುತ್ತಿತ್ತು. ಆರಿಸಿ ತಂದು, ಎಂಟಾಣೆಯ ಮೇಲೆ ಒತ್ತಿ, ಮುಳ್ಳಿನಿಂದ 'ಸಾ' ಎಂದು ಗೀಚಿದೆ. ಸಾದಿಕ್‌ನ ಸಾ. ಆ ನಾಣ್ಯ ಕೈಯಲ್ಲಿದ್ದವರು ಮಾತ್ರ ಪಾಠದ ನಡುವೆ ಎದ್ದುಹೋಗಿ ನೀರು ಕುಡಿದು ಬರಬಹುದು. ಬಂದ ಮೇಲೆ ನಾಣ್ಯ ವಾಪಸ್.

ಒಂದು ವಾರ ರಾಜ್ಯಭಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಬೇಗಡೆ ಎಲ್ಲಿ ಸಿಗುತ್ತದೆ ಎಂಬ ಗುಟ್ಟು ಹೊರಬಿತ್ತು. ಸರೋಜ ಎಂಬ ಹುಡುಗಿ ನನ್ನದಕ್ಕಿಂತ ಅಂದವಾಗಿ 'ಸಾ' ಬರೆದು ಹಂಚತೊಡಗಿದಳು. ಒಂದು ದಿನ ಮೇಷ್ಟರು ಆಫೀಸ್ ರೂಮಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಇಡೀ ಕ್ಲಾಸು ನಲ್ಲಿಯ ಹತ್ತಿರ ಇತ್ತು. ಒಳಗೆ ನಾನೊಬ್ಬನೇ, ಕೈಯಲ್ಲಿ ಅಡಿಕೋಲು ಹಿಡಿದು, ಖಾಲಿ ಬೆಂಚುಗಳನ್ನು ಆಳುತ್ತಾ ಕೂತಿದ್ದೆ.

ಅಮ್ಮಿಯನ್ನು ಶಾಲೆಗೆ ಕರೆಸಿದರು. ಕೊರಳಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯುವುದನ್ನೂ ಮರೆತು ಬಂದಿದ್ದರು.

"ಏನಮ್ಮಾ, ಇವನನ್ನ ಮಾನಿಟರ್ ಮಾಡ್ತೀನಿ ಅಂತ ನಾನು ನಿಮಗೆ ಹೇಳಿದ್ನಾ?" ಎಂದರು ಮೇಷ್ಟರು.

ಅಮ್ಮಿ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಭೂಪಟ ನೋಡಿದೆ.

"ಹೌದು ಸಾರ್. ನಿಮ್ಮ ಮನೆಯವರು ಏನೋ ಅಂದಂಗಾಯ್ತು. ನಾನೇ ತಪ್ಪು ತಿಳ್ಕೊಂಡೆ. ಹುಡುಗನದೇನೂ ಇಲ್ಲ," ಎಂದರು.

ಮನೆಗೆ ಬಂದ ಮೇಲೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ನೀನು ಹೇಳಿದ ಸುಳ್ಳಿಗೆ ನನ್ನ ಹೆಸರು ಯಾಕೆ ಹಾಕಿದೆ?" ಎಂದು ಒಂದೇ ಮಾತು ಕೇಳಿ, ಭಾನುವಾರ ಪೂರ್ತಿ ನನ್ನಿಂದ ಗುಂಡಿ ಹೊಲಿಸಿದರು. ಸೋಮವಾರ ಚಂದ್ರು ಇಳಿದ ಕೆನ್ನೆಗಳೊಂದಿಗೆ ಬಂದು ತನ್ನ ಸಿಂಹಾಸನದಲ್ಲಿ ಕೂತ. ನನಗೆ ಈಗಲೂ ಗುಂಡಿ ಹೊಲಿಯುವುದು ಬಹಳ ಚೆನ್ನಾಗಿ ಬರುತ್ತದೆ.

ಇದೆಲ್ಲ ಯಾಕೆ ನೆನಪಾಯಿತೆಂದರೆ ಹೆಂಕ್ ಅವರಿಂದ. ಹೆಂಕ್ ನಮ್ಮ ಪಕ್ಕದ ಮನೆಯವರು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಇಲ್ಲಿ ಎಷ್ಟು ದೊಡ್ಡವರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ಬಂದು ಹದಿನೆಂಟು ವರ್ಷವಾದರೂ ನನಗೆ ನಾಲಿಗೆ ಹೊರಳುವುದಿಲ್ಲ, ಬಾಯಲ್ಲಿ ಹೆಂಕ್ ಎಂದರೂ ಮನಸ್ಸಿನಲ್ಲಿ ಒಂದು 'ಅವರು' ಸೇರಿಸಿಕೊಳ್ಳುತ್ತೇನೆ. ಹಳೆಯ ನಾಣ್ಯಗಳೆಂದರೆ ಅವರಿಗೆ ಪ್ರಾಣ. ಅದರಲ್ಲೂ ಒಂದು ನಾಣ್ಯ. ಹರೆಯದಲ್ಲಿ ತಮ್ಮ ಬ್ರೋಮರನ್ನು, ಅಂದರೆ ಆಸೆಪಟ್ಟು ಕೊಂಡಿದ್ದ ಮೊಪೆಡ್ಡನ್ನು, ಮಾರಿ ಕೊಂಡದ್ದಂತೆ. ಆ ಕೋಪಕ್ಕೆ ಆಗಿನ ಗೆಳತಿ ಬಿಟ್ಟುಹೋದಳಂತೆ. "ನಾಣ್ಯ ಮಾತ್ರ ಬಿಟ್ಟು ಹೋಗಲಿಲ್ಲ," ಎನ್ನುತ್ತಾರೆ ಹೆಂಕ್.

ಅದು ಯೂಕ್ರಟಿಡೀಸ್ ಎಂಬ ಗ್ರೀಕ್ ರಾಜನ ಬೆಳ್ಳಿ ನಾಣ್ಯ. ಎರಡು ಸಾವಿರ ವರ್ಷಕ್ಕೂ ಹಿಂದೆ, ಈಗಿನ ಅಫ್ಘಾನಿಸ್ತಾನದ ಕಡೆ ಬ್ಯಾಕ್ಟ್ರಿಯಾ ಎಂಬ ರಾಜ್ಯವಿತ್ತು. ಅಲ್ಲಿನ ಸಿಂಹಾಸನ ಇವನ ಅಪ್ಪನದೂ ಅಲ್ಲ, ಅಜ್ಜನದೂ ಅಲ್ಲ. ಆಳುತ್ತಿದ್ದ ಮನೆತನದವರನ್ನು ಎಬ್ಬಿಸಿ ತಾನು ಕೂತವನು. ಕೂತ ಮೇಲೆ ಜನ ನಂಬಬೇಕಲ್ಲ? ನಾಣ್ಯದ ಒಂದು ಕಡೆ ಶಿರಸ್ತ್ರಾಣ ಹಾಕಿದ ತನ್ನ ಮುಖ, ಸುತ್ತ 'ಮಹಾರಾಜ ಯೂಕ್ರಟಿಡೀಸ್' ಎಂಬ ಬರಹ. ಇನ್ನೊಂದು ಕಡೆ ಯಾವ ದೇವರೂ ಅಲ್ಲ, ತನ್ನ ಅಪ್ಪ ಅಮ್ಮನ ಮುಖ. ಹೀಲಿಯೋಕ್ಲಿಸ್ ಮತ್ತು ಲಾವೊಡಿಕೆ. ಅಪ್ಪನ ತಲೆ ಬರಿದು. ಅಮ್ಮನ ತಲೆಗೆ ಮಾತ್ರ ರಾಜಪಟ್ಟಿ, ಅಂದರೆ ಅರಸರು ಕಟ್ಟುವ ಬಟ್ಟೆಯ ಪಟ್ಟಿ, ಇದೆ. ಹಾಗಾಗಿ ಅಪ್ಪ ಸಾಮಾನ್ಯನಿರಬೇಕು, ಅಮ್ಮ ರಾಜವಂಶದವಳಿರಬೇಕು ಎಂದು ತಿಳಿದವರು ಊಹಿಸುತ್ತಾರೆ. ಹೆಂಕ್ ಇದನ್ನು ಮೊದಲ ಸಲ ಹೇಳಿದಾಗ ನನಗೆ ಕಾಫಿ ನೆತ್ತಿಗೇರಿತು. ಮೇಷ್ಟ್ರೇ ನಮ್ಮ ಅಮ್ಮಿಗೆ ಹೇಳಿದಾರೆ. ಅದೇ ಮಾತು, ಅದೇ ಬೆಳ್ಳಿ.

ಆದರೆ ಹೆಂಕ್ ಅವರ ನಾಣ್ಯದಲ್ಲಿ ಒಂದು ಕೊರತೆಯಿತ್ತು. ಅದು ಕಪ್ಪುಗಟ್ಟಿ ಹೋಗಿತ್ತು. ಬೇರೆ ಕಡೆಯ ನಾಣ್ಯಗಳಲ್ಲಿ ಆ ತಾಯಿಯ ಪಟ್ಟಿ ಕಾಣುತ್ತದಂತೆ, ಇವರದರಲ್ಲಿ ಕರೀ ಮಸಿಯ ಕೆಳಗೆ ಏನಿದೆಯೋ ಗೊತ್ತಾಗುತ್ತಿರಲಿಲ್ಲ. ನ್ಯೂವೆಗೈನ್‌ನಲ್ಲಿ ಸೇರುವ ಅವರ ನಾಣ್ಯಪ್ರಿಯರ ಕೂಟದ ಕೆಲವರು, ನಿನ್ನದರಲ್ಲಿ ಪಟ್ಟಿ ಸವೆದುಹೋಗಿದೆ ಬಿಡು ಎಂದು ವರ್ಷಗಟ್ಟಲೆ ಕಾಡಿದ್ದರು. ಹೆಂಕ್ ಮಾತ್ರ, ಇಲ್ಲ, ಉಗುರಿಗೆ ಸಿಗುತ್ತದೆ, ಇದೆ ಎಂದು ವಾದಿಸುತ್ತಿದ್ದರು. ಹಾಗಾದರೆ ತೊಳೆದು ನೋಡಬಹುದಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹಳೆಯ ನಾಣ್ಯವನ್ನು ಯಾರೂ ಉಜ್ಜುವುದಿಲ್ಲ. ಆ ಕಪ್ಪೇ ಅದರ ವಯಸ್ಸು, ಅದೇ ಅದರ ಮರ್ಯಾದೆ. ಉಜ್ಜಿದ ನಾಣ್ಯವನ್ನು ಯಾವ ಸಂಗ್ರಾಹಕನೂ ತಿರುಗಿ ನೋಡುವುದಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಆ ಕೂಟದಲ್ಲಿ ಮಾತಾಡುವ ಸರದಿ ಹೆಂಕ್ ಅವರದಾಯಿತು. ಶನಿವಾರದ ಭಾಷಣಕ್ಕೆ ನಾಣ್ಯದ ದೊಡ್ಡ ಫೋಟೋಗಳು ಬೇಕು. ಅವರ ಕೈ ನಡುಗುತ್ತದೆ. ನನ್ನ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ.

"ನೀನು ದಿನವಿಡೀ ಇದಕ್ಕಿಂತ ಚಿಕ್ಕ ವಸ್ತುಗಳನ್ನು ನೋಡುವವನು. ನಿನ್ನ ಕೈಯಲ್ಲಿ ಕೊಡಲು ನನಗೆ ಭಯವಿಲ್ಲ," ಎಂದು ಕೊಟ್ಟರು. "ಅಂಚಿನಲ್ಲಿ ಹಿಡಿ. ಒರೆಸಬೇಡ. ಬಟ್ಟೆಯಿಂದಲೂ ಬೇಡ." ಇದನ್ನು ಮೂರು ಸಲ ಹೇಳಿದರು.

ಅದು ಗುರುವಾರ. ಅಡುಗೆಮನೆಯ ಕಿಟಕಿಯಲ್ಲಿ ಒಳ್ಳೆಯ ಬೆಳಕಿತ್ತು. ನಾಣ್ಯವನ್ನು ಒಂದು ಬಿಳಿ ಸಾಸರಿನಲ್ಲಿ ಇಟ್ಟು ಸಿಂಕಿನ ಪಕ್ಕ ಕ್ಯಾಮೆರಾ ಹೊಂದಿಸುತ್ತಿದ್ದೆ. ಆಫೀಸಿನಿಂದ ಫೋನ್ ಬಂತು. ಮೇಲಿನ ಕೋಣೆಗೆ ಹೋದೆ.

ಈಗ ಒಂದು ವಿಷಯ ಹೇಳಬೇಕು. ಆಗ ನಮ್ಮ ಮನೆಗೆ ಅಮ್ಮಿ ಬಂದಿದ್ದರು, ಮೂರು ತಿಂಗಳಿಗೆಂದು. ಅರಸೀಕೆರೆಯಲ್ಲಿ ನಮ್ಮ ಮನೆಯಲ್ಲಿ ಗುರುವಾರವೆಂದರೆ ಬೆಳ್ಳಿ ತೊಳೆಯುವ ದಿನ. ಅಮ್ಮಿಯ ಕಾಲ್ಗೆಜ್ಜೆ, ದಾದಿಯ, ಅಂದರೆ ಅಪ್ಪನ ತಾಯಿಯ, ಸುರ್ಮೆದಾನಿ ಎಂಬ ಕಾಡಿಗೆ ಡಬ್ಬಿ, ಅಬ್ಬಾನ ಉಂಗುರ, ಎಲ್ಲವೂ ಶುಕ್ರವಾರದ ಹೊತ್ತಿಗೆ ಹೊಳೆಯಬೇಕು. ತೊಳೆದುಕೊಡಿ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಸಾಸರಿನಲ್ಲಿ ಹಾಕಿ ನಲ್ಲಿಯ ಪಕ್ಕ ಇಟ್ಟರೆ ಆಯಿತು, ಅದೇ ಅರ್ಜಿ. ಆ ಪದ್ಧತಿಯಲ್ಲೇ ಬೆಳೆದ ನಾನು, ಗುರುವಾರ, ಕಪ್ಪಾದ ಬೆಳ್ಳಿಯನ್ನು, ಸಾಸರಿನಲ್ಲಿ, ನಲ್ಲಿಯ ಪಕ್ಕ ಇಟ್ಟು ಮೇಲೆ ಹೋಗಿದ್ದೆ. ತಪ್ಪು ಯಾರದು, ನೀವೇ ಹೇಳಿ.

ಅರ್ಧ ಗಂಟೆಯ ನಂತರ ಇಳಿದು ಬಂದಾಗ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ವಾಸನೆ. ಅಮ್ಮಿ ಸೆರಗಿನಲ್ಲಿ ಏನನ್ನೋ ಒರೆಸುತ್ತಿದ್ದರು. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು. ಆದರೆ ಅಮ್ಮಿ ಗತ್ತಿನಿಂದ ಮಾತಾಡಬೇಕಾದಾಗ ಕನ್ನಡಕ್ಕೆ ತಿರುಗುತ್ತಾರೆ, ಹೊಲಿಗೆಯ ಗಿರಾಕಿಗಳ ಜೊತೆ ಜಗ್ಗಾಡಿ ಕಲಿತ ಕನ್ನಡ.

"ಯಾಕೋ ಬೇಟಾ, ಬೆಳ್ಳೀನ ಹಿಂಗಾ ಇಟ್ಕೊಳ್ಳೋದು? ಒಲೆ ಮಸಿ ಥರ ಇತ್ತು. ಎರಡು ಸಲ ಹುಣಸೆಹಣ್ಣು ಉಪ್ಪು ಹಾಕಿದೆ, ಆಮೇಲೆ ಹಲ್ಲುಪುಡಿ. ಆಗ ದಾರಿಗೆ ಬಂತು ನೋಡು."

ನೋಡಿದೆ. ಯೂಕ್ರಟಿಡೀಸ್ ಮಹಾರಾಜ ಮದುವೆಗೆ ಹೊರಟವನ ಹಾಗೆ ಥಳಥಳ ಹೊಳೆಯುತ್ತಿದ್ದ. ಸಿಂಕಿನ ಅಂಚು ಹಿಡಿದು ನಿಂತೆ. ಅಮ್ಮಿ ಕನ್ನಡಕ ಸರಿಮಾಡಿಕೊಂಡು, "ಇವನ ಟೋಪಿಗೆ ಎತ್ತಿನ ಕಿವಿ ಯಾಕೆ ಹೊಲಿದಿದಾರೆ?" ಎಂದು ಕೇಳಿದರು. ನಿಜಕ್ಕೂ ಆ ಶಿರಸ್ತ್ರಾಣಕ್ಕೆ ಎತ್ತಿನ ಕೋಡು, ಕಿವಿ ಇರುತ್ತವೆ. ಅಷ್ಟು ದಿನ ಮಸಿಯಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ.

ಅಮ್ಮಿಗೆ ಬೈಯುವುದು ಹೇಗೆ? ನಾನು ಎಂಜಿನಿಯರ್, ಪರಿಹಾರ ಹುಡುಕುವುದೇ ನನ್ನ ಕೆಲಸ ಎಂದು ಧೈರ್ಯ ತಂದುಕೊಂಡೆ. ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ ಎಂದು ಓದಿದ ನೆನಪು. ಎರಡು ಮೊಟ್ಟೆ ಬೇಯಿಸಿ, ಡಬ್ಬಿ ಹುಡುಕಲು ಹೋದೆ. ಬಂದು ನೋಡಿದರೆ ಅಮ್ಮಿ ಸಿಪ್ಪೆ ಸುಲಿದು, ಮೆಣಸಿನಪುಡಿ ಉದುರಿಸಿ, ಸ್ಕೂಲಿನಿಂದ ಬಂದ ಝೋಯಾಳಿಗೆ ತಿನ್ನಿಸುತ್ತಿದ್ದರು.

"ಹಸಿವಾದ್ರೆ ನನ್ನ ಕೇಳಬಾರದಾ? ನೀನ್ಯಾಕೆ ಒಲೆ ಹತ್ರ ಹೋದೆ?" ಎಂದರು.

ಅಲ್ಲಿಗೆ ನನ್ನ ಕಳ್ಳ ಟಂಕಸಾಲೆ ಎರಡನೇ ಸಲ ಮುಚ್ಚಿತು. ಒಳ್ಳೆಯದೇ ಆಯಿತು. ಕಪ್ಪು ಬಳಿದು ಹಿಂದಿರುಗಿಸಿದ್ದರೆ ಆಮೇಲೆ ಹೆಂಕ್ ಅವರ ಮುಖ ಹೇಗೆ ನೋಡುತ್ತಿದ್ದೆ? ಈ ದೇಶದಲ್ಲಿ ನನ್ನ ಮನೆಯ ಬೀಗದ ಕೈ ಯಾರ ಹತ್ತಿರವಾದರೂ ಇದ್ದರೆ ಅದು ಅವರ ಹತ್ತಿರ. ಝೋಯಾ ಹುಟ್ಟಿದ ದಿನ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರು. ನಾಣ್ಯಕ್ಕಿಂತ ಆ ಮನುಷ್ಯ ಕೈತಪ್ಪಿ ಹೋಗುತ್ತಾರಲ್ಲ ಎಂಬುದೇ ನನ್ನ ಭಯ.

ಶುಕ್ರವಾರ ಸಂಜೆ ಹೆಂಕ್ ಬಂದರು. ಸೋಫಾದಲ್ಲಿ ಕೂತರು. ಸಾಸರನ್ನು ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ. ಬಾಗಿ ನೋಡಿದರು.

"ಯಾರು ಮಾಡಿದ್ದು?" ಎಂದರು.

ಅಮ್ಮಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಸಮೋಸದ ತಟ್ಟೆ. ಐದನೇ ಕ್ಲಾಸಿನ ಆ ಮಧ್ಯಾಹ್ನ, ಕೊರಳಿನಲ್ಲಿ ಟೇಪು ಹಾಕಿಕೊಂಡು ನಿಂತಿದ್ದು ಹೀಗೇ.

"ನಾನು," ಎಂದೆ. "ನಾನೇ ತೊಳೆದೆ. ಕ್ಷಮಿಸಿ."

"ನೀನಾ? ಮೂರು ಸಲ ಹೇಳಿದ್ದೆನಲ್ಲ," ಎಂದರು ಹೆಂಕ್. ಕೂಗಲಿಲ್ಲ. "ಇದು ಕೆಟ್ಟುಹೋಯಿತು. ನಾನು ಸುಳ್ಳು ಹೇಳುವುದಿಲ್ಲ, ಇದು ಕೆಟ್ಟಿದೆ." ಇಲ್ಲಿನವರು ಹಾಗೆಯೇ, ಸಮಾಧಾನಕ್ಕೆಂದು ಮಾತನ್ನು ತಿರುಚುವುದಿಲ್ಲ.

ಅಮ್ಮಿಗೆ ಡಚ್ ಬರುವುದಿಲ್ಲ, ನನ್ನ ಮುಖ ಓದಲು ಬರುತ್ತದೆ. ಝೋಯಾಳನ್ನು ಕರೆದು, "ನಿಮ್ಮಪ್ಪ ಏನಂದ?" ಎಂದು ಕೇಳಿದರು.

"ದಾದಿ, ಅಬ್ಬಾ ತಾನೇ ಕಾಯಿನ್ ಕ್ಲೀನ್ ಮಾಡಿದೆ ಅಂತಿದಾರೆ," ಎಂದಳು ಮೊಮ್ಮಗಳು. ಈ ಕಾಲದ ಮಕ್ಕಳಿಗೆ ಸುಳ್ಳಿನ ಮರ್ಯಾದೆ ತಿಳಿಯದು.

ಅಮ್ಮಿ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದರು.

"ನೀನು ತೊಳೆದ್ಯಾ? ಒಂದು ಲೋಟ ನೆಟ್ಟಗೆ ತೊಳೆಯೋಕೆ ಬರಲ್ಲ ನಿನಗೆ. ಅರ್ಧ ಗಂಟೆ ನಿಂತು ಉಜ್ಜಿದೋಳು ನಾನು, ಹೆಸರು ನಿಂದಾ?"

"ಅಮ್ಮೀ, ನೀವು ಸುಮ್ಮನಿರಿ. ಅದು ತೊಳೀಬಾರದಿತ್ತು."

"ತೊಳೀಬಾರದಿತ್ತಾ?" ಅಮ್ಮಿಯ ದನಿ ಇಳಿಯಿತು. ಹೆಂಕ್ ಅವರನ್ನು ನೋಡಿದರು, ನಾಣ್ಯ ನೋಡಿದರು. ಆಮೇಲೆ ಸೋಫಾದಲ್ಲಿ ಅವರ ಪಕ್ಕ ಹೋಗಿ ಕೂತರು. "ಹಂಗಾದ್ರೆ ನನ್ನ ತಪ್ಪು. ಇವನದಲ್ಲ. ಹೇಳೇ ಅವರಿಗೆ, ನಾನೇ ಅಂತ."

ಝೋಯಾ ಹೇಳಿದಳು. ಹುಣಸೆಹಣ್ಣನ್ನೂ ಹಲ್ಲುಪುಡಿಯನ್ನೂ ಬಿಡದೆ ಹೇಳಿದಳು. ಹೆಂಕ್ ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿ ನೊಂದು ಕೂತವರ ಹತ್ತಿರ ಏನಾದರೂ ಮಾತಾಡಬೇಕಲ್ಲ, ಅಮ್ಮಿ ನಾಣ್ಯವನ್ನು ಕೈಗೆತ್ತಿಕೊಂಡು ಹಿಂಭಾಗಕ್ಕೆ ತಿರುಗಿಸಿದರು.

"ಈ ಹೆಂಗಸಿಂದು ಮಾತ್ರ ಚೆನ್ನಾಗಿ ಮಾಡಿದಾರೆ ಅಂತ ಹೇಳು. ತಲೆಗೆ ಪಟ್ಟಿ ಕಟ್ಟಿದಾರೆ ನೋಡು. ಒಂದು ಬೆರಳಗಲ ಬಟ್ಟೆ, ಹಿಂದೆ ಗಂಟು ಹಾಕಿ ಎರಡು ತುದಿ ಇಳಿಬಿಟ್ಟಿದಾರೆ. ಗಂಡನಿಗೆ ಕಟ್ಟಿಲ್ಲ. ಹೆಂಡತೀಗೇ."

ನಲವತ್ತು ವರ್ಷ ಬಟ್ಟೆ ನೋಡಿದ ಕಣ್ಣು ಅದು. ಬೆಳ್ಳಿಯಲ್ಲಿದ್ದರೇನು, ಗಂಟು ಗಂಟೇ.

ಝೋಯಾ ಇದನ್ನು ಹೇಳಿ ಮುಗಿಸುವ ಮೊದಲೇ ಹೆಂಕ್ ಜೇಬಿನಿಂದ ಭೂತಕನ್ನಡಿ ತೆಗೆದಿದ್ದರು. ಅಮ್ಮಿ ನಾಣ್ಯ ಹಿಡಿದುಕೊಂಡರು, ಅವರ ಕೈ ನಡುಗುವುದಿಲ್ಲ. ಹೆಂಕ್ ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಮತ್ತೊಮ್ಮೆ ಹೇಳು ಎಂದು ಝೋಯಾಳಿಗೆ ಹೇಳಿದರು, ಗಂಟು ಎಲ್ಲಿದೆ, ತುದಿ ಎಲ್ಲಿದೆ. ಅಮ್ಮಿ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯ ಮೊನೆಯಿಂದ ಮುಟ್ಟದೆ ತೋರಿಸಿದರು. ಐವತ್ತು ವರ್ಷ ಉಗುರಿಗೆ ಮಾತ್ರ ಸಿಗುತ್ತಿದ್ದದ್ದು ಕಣ್ಣಿಗೆ ಸಿಕ್ಕಿತು. ಹೆಂಕ್ ಭೂತಕನ್ನಡಿ ಕೆಳಗಿಟ್ಟು, ಮೂಗು ಒರೆಸಿಕೊಂಡು, ಅಮ್ಮಿಯ ಕಡೆ ತಿರುಗಿದರು.

"ಮೆವ್ರೌ, ಇದನ್ನು ಇನ್ನು ಯಾರೂ ಕೊಳ್ಳುವುದಿಲ್ಲ," ಎಂದರು. ಮೆವ್ರೌ ಎಂದರೆ ಡಚ್ಚಿನಲ್ಲಿ ಅಮ್ಮಾವ್ರೇ. "ನಾನು ಮಾರುವವನೂ ಅಲ್ಲ. ನಾಳೆ ನೀವು ನನ್ನ ಜೊತೆ ಬರಬೇಕು."

ಆಮೇಲೆ ಸಮೋಸ ತಿಂದರು. ನಾಲ್ಕು ತಿಂದರು. ಹದಿನೆಂಟು ವರ್ಷದಲ್ಲಿ ಅವರು ನಮ್ಮ ಮನೆಯಲ್ಲಿ ಎರಡನೆಯದನ್ನು ಮುಟ್ಟಿದ್ದು ಅವತ್ತೇ.

ಶನಿವಾರ ನಾವೆಲ್ಲ ನ್ಯೂವೆಗೈನ್‌ಗೆ ಹೋದೆವು. ಬಿಳಿಗೂದಲಿನ ಇಪ್ಪತ್ತು ಜನರ ಮಧ್ಯೆ, ಮೊದಲ ಸಾಲಿನಲ್ಲಿ ಅಮ್ಮಿ, ರೇಷ್ಮೆ ಸೀರೆಯುಟ್ಟು. ಹೊಳೆಯುವ ನಾಣ್ಯ ಪರದೆಯ ಮೇಲೆ ಬಂದಾಗ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು, ಒಬ್ಬರು ತಲೆಯ ಮೇಲೆ ಕೈಯಿಟ್ಟುಕೊಂಡರು. ಹೆಂಕ್ ಅವರನ್ನು ತಡೆದು, ಈ ರಾಜ ತನ್ನ ತಾಯಿಯ ಹೆಸರು ಹೇಳಿಕೊಂಡು ರಾಜನಾದವನು, ಆ ತಾಯಿಯನ್ನು ನನಗೆ ತೋರಿಸಿದ್ದು ಇನ್ನೊಬ್ಬ ತಾಯಿ ಎಂದು ಹೇಳಿ ಅಮ್ಮಿಯನ್ನು ಎಬ್ಬಿಸಿ ನಿಲ್ಲಿಸಿದರು. ಅಮ್ಮಿ ಏನೂ ಅರ್ಥವಾಗದಿದ್ದರೂ ಮೇಷ್ಟರಿಗೆ ಮಾಡುವ ಹಾಗೆ ಎಲ್ಲರಿಗೂ ನಮಸ್ಕಾರ ಮಾಡಿದರು. ಚಪ್ಪಾಳೆ ಬಿತ್ತು. ನಾಣ್ಯದ ಪಕ್ಕದ ಚೀಟಿಯಲ್ಲಿ ಹೆಂಕ್ ಸ್ವಂತ ಕೈಯಿಂದ ಬರೆದಿದ್ದರು, ಹುಣಸೆಹಣ್ಣಿನಿಂದ ತೊಳೆದದ್ದು, ತೊಳೆದವರು ಅರಸೀಕೆರೆಯ ಖಮರುನ್ನೀಸಾ. ಈ ಸಲ ಅಮ್ಮಿಯ ಹೆಸರು ಸರಿಯಾದ ಜಾಗದಲ್ಲಿತ್ತು.

ಕಾಫಿಯ ಜೊತೆ ಬೆಳ್ಳಿ ಕಾಗದ ಸುತ್ತಿದ ಚಾಕೊಲೇಟ್ ಕೊಟ್ಟರು. ನನ್ನ ಕೈ ಎಂದಿನಂತೆ ಆ ಕಾಗದದ ಕಡೆ ಹೋಯಿತು, ಆದರೆ ಹೆಂಕ್ ನನಗಿಂತ ಮುಂಚೆ ತೆಗೆದುಕೊಂಡಿದ್ದರು. ಸುಕ್ಕು ತೀಡಿ, ನಾಣ್ಯದ ಮೇಲೆ ಹೊದಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಇಲ್ಲಿನ ಮಕ್ಕಳೂ ಚಿಕ್ಕಂದಿನಲ್ಲಿ ಹೀಗೇ ಮಾಡುತ್ತಿದ್ದರಂತೆ. ಬೇಗಡೆಯಲ್ಲಿ ಲಾವೊಡಿಕೆಯ ಮುಖ ಮೂಡಿತು, ಪಟ್ಟಿಯ ಸಮೇತ. ಆ ಬೇಗಡೆಯನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಅಮ್ಮಿಗೆ ಕೊಟ್ಟರು.

ಅಮ್ಮಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಗುಂಡಿ ಹೊಲಿಸಿದ ಆ ಭಾನುವಾರದ ನಂತರ ನಲವತ್ತು ವರ್ಷ ಆ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ. ಅಮ್ಮಿ ಜಡೆಯಿಂದ ಹೇರ್‌ಪಿನ್ ತೆಗೆದು, ಬೇಗಡೆ ನಾಣ್ಯದ ಅಂಚಿನಲ್ಲಿ 'ಸಾ' ಎಂದು ಗೀಚಿ, ನನ್ನ ಕೈಗಿಟ್ಟರು.

"ಹೋಗು," ಎಂದರು. "ನೀರು ಕುಡಿದು ಬಾ."

ಎದ್ದು ಹೋಗಿ ಕುಡಿದು ಬಂದೆ. ಬಂದ ಮೇಲೆ ನಾಣ್ಯ ವಾಪಸ್ ಕೊಟ್ಟೆ.